ಕೆಂಪು ದಾರದ ಪುಡಿ, ನೀಲಿ ದಾರದ ಪುಡಿ

ನಾನು ಓದಿದ್ದು ಮಕ್ಕಳಿಗೆ ಅಂಕವನ್ನೇ ಕೊಡದ ಶಾಲೆಯಲ್ಲಿ. ಬಸವನಗುಡಿಯ ಒಂದು ಹಳೆಯ ಬಂಗಲೆಯಲ್ಲಿ ನಡೆಯುತ್ತಿದ್ದ ಆ ಶಾಲೆಯಲ್ಲಿ ಪರೀಕ್ಷೆಯಿರಲಿಲ್ಲ, ರ‍್ಯಾಂಕ್ ಇರಲಿಲ್ಲ. ಒಂದು ಮಗುವನ್ನು ಇನ್ನೊಂದರ ಪಕ್ಕ ನಿಲ್ಲಿಸಿ ಅಳೆಯುವುದು ಅನ್ಯಾಯವೆಂದು ನಮಗೆ ಹೇಳಿಕೊಟ್ಟಿದ್ದರು. ಅದನ್ನು ನಾನು ಈಗಲೂ ನಂಬುತ್ತೇನೆ. ಆದರೆ ಅಂಕವೆಂಬುದು ಮನುಷ್ಯರ ಕೈಗೆ ಸಿಕ್ಕಾಗ ಹೇಗೆ ವರ್ತಿಸುತ್ತದೆ ಎಂಬುದನ್ನು ಅಲ್ಲಿ ಯಾರೂ ಹೇಳಿಕೊಡಲಿಲ್ಲ. ಅದನ್ನು ಕಲಿತದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ, ಸಾರಿನ ಪುಡಿಯಿಂದ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಚಾಮರಾಜಪೇಟೆಯ ಒಂದು ಮಹಿಳಾ ಸಂಘದಲ್ಲಿ ನಾನು ಸಂಬಳವಿಲ್ಲದ ಕಾರ್ಯಕರ್ತೆಯಾಗಿದ್ದೆ. ಸಂಘದ ಹೆಂಗಸರು ಸಾರಿನ ಪುಡಿ ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದರು. ಹುರಿದ ಮೆಣಸಿನಕಾಯಿ, ಧನಿಯಗಳನ್ನು ಹಿತ್ತಿಲಿನ ಒರಳಿನಲ್ಲಿ ಕುಟ್ಟುತ್ತಿದ್ದವರು ಐವತ್ತರ ಆಸುಪಾಸಿನ ಒಬ್ಬರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಎಲ್ಲದರಲ್ಲೂ ತಪ್ಪು ಹುಡುಕುತ್ತೇನೆಂದು ಅವರು ನನ್ನನ್ನು ಮೇಷ್ಟ್ರಮ್ಮ ಎನ್ನುತ್ತಿದ್ದರು.

ನಗರ್ತಪೇಟೆಯ ಅಂಗಡಿಯೊಂದು ಹೆಚ್ಚು ಪುಡಿ ಬೇಕೆಂದು ಕೇಳಿದ ವಾರವೇ ಸಂಘದ ಕಾರ್ಯದರ್ಶಿಗಳು ಗಿರಣಿಯ ಮಾತೆತ್ತಿದರು. ಗುಮಾಸ್ತೆಯಾಗಿ ನಿವೃತ್ತರಾದ ಅವರು ಕೆಟ್ಟವರಲ್ಲ, ಅಚ್ಚುಕಟ್ಟಿನವರು. ಅಕ್ಕ ದಿನವಿಡೀ ಕುಟ್ಟುವುದನ್ನು ಗಿರಣಿ ಅರ್ಧ ಗಂಟೆಯಲ್ಲಿ ಪುಡಿ ಮಾಡುತ್ತದೆ. ರುಚಿ ಒಂದೇ ಆದರೆ ಕುಟ್ಟುವುದೇಕೆ ಎಂಬುದು ಅವರ ವಾದ. ಹಾಗಾದರೆ ಅಕ್ಕನಿಗೆ ಉಳಿಯುತ್ತಿದ್ದದ್ದು ವಾರಕ್ಕೆ ಎರಡು ದಿನದ ಪೊಟ್ಟಣ ಕಟ್ಟುವ ಕೆಲಸ ಮಾತ್ರ. ಒಬ್ಬ ಹೆಂಗಸಿನ ದುಡಿಮೆಯನ್ನು ‘ಒಂದೇ ಆದರೆ’ ಎಂಬ ಊಹೆಯ ಮೇಲೆ ಕಿತ್ತುಕೊಳ್ಳುವುದು ತಪ್ಪೆಂದು ನಾನು ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಹಾಗಾದರೆ ನೀವೇ ತಿಳಿದುಕೊಂಡು ಬನ್ನಿ ಎಂದರು ಕಾರ್ಯದರ್ಶಿಗಳು.

ನಲವತ್ತು ಮನೆಗಳನ್ನು ಆರಿಸಿಕೊಂಡೆವು. ಪ್ರತಿ ಮನೆಗೂ ಎರಡು ಪೊಟ್ಟಣ: ಕುಟ್ಟಿದ್ದಕ್ಕೆ ಕೆಂಪು ದಾರ, ಗಿರಣಿಯದಕ್ಕೆ ನೀಲಿ ದಾರ. ಯಾವುದು ಯಾವುದೆಂದು ಮನೆಯವರಿಗೆ ಹೇಳಲಿಲ್ಲ. ಒಂದೊಂದು ದಿನ ಒಂದೊಂದರಲ್ಲಿ ಸಾರು ಮಾಡಿ, ಒಂದರಿಂದ ಐದರವರೆಗೆ ಅಂಕ ಕೊಡಬೇಕು. ಹಾಳೆಯ ಮೇಲರ್ಧ ಕೆಂಪಿಗೆ, ಕೆಳಗಿನರ್ಧ ನೀಲಿಗೆ. ಪ್ರತಿ ಅರ್ಧದಲ್ಲೂ ‘ಬೇರೆ ಮಾತು’ ಬರೆಯಲು ಒಂದು ಸಾಲು. ಬಲಗಡೆಯ ಅಂಚಿನಲ್ಲಿ ಹೆಸರು, ವಿಳಾಸ.

ಹಾಳೆಗಳು ಮರಳಿ ಬಂದಾಗ ನೋಡಿದರೆ, ಹಲವು ಮನೆಗಳಲ್ಲಿ ಅಂಕ ಕೊಟ್ಟದ್ದು ಉಂಡ ಗಂಡಸು. ಸಾರು ಮಾಡಿದವಳನ್ನು ಕೇಳಿಯೇ ಇರಲಿಲ್ಲ. ಅದು ತಪ್ಪೆಂದು ಗುರುತು ಹಾಕಿಕೊಂಡೆ. ಅದಕ್ಕಿಂತ ದೊಡ್ಡ ತಪ್ಪು ಸಭೆಯಲ್ಲಿ ನಡೆಯಿತು. ಸದಸ್ಯೆಯೊಬ್ಬರು ಬಸವನಗುಡಿಯ ಹಾಳೆಯ ಅಂಚಿನ ಹೆಸರು ಓದಿ, “ಇವರ ಮನೇಲಿ ಸಾರು ಅಂದ್ರೆ ಏನು ಅಂತ ಗೊತ್ತು ಬಿಡಿ, ಇವರ ಮಾತಿಗೆ ತೂಕ ಜಾಸ್ತಿ” ಎಂದರು. ನಗರ್ತಪೇಟೆಯ ಹಿಂದಿನ ಓಣಿಯ ಹಾಳೆಯನ್ನು ಓದದೆಯೇ ಕಟ್ಟಿನ ಅಡಿಗೆ ಸೇರಿಸಿದರು. ಹೆಸರಿನ ಹಿಂದೆ ಜಾತಿ ಕಾಣುತ್ತದೆ, ಜಾತಿಯ ಹಿಂದೆ ನಾಲಗೆಗೂ ಮೇಲು ಕೀಳು ಬಂದುಬಿಡುತ್ತದೆ. ಅಂದು ಸಂಜೆಯೇ ನಲವತ್ತು ಹಾಳೆಗಳ ಅಂಚನ್ನೂ ಹರಿದು ಒಲೆಗೆ ಹಾಕಿದೆ. ಎಣಿಸಲು ಸುಲಭವಾಗಲೆಂದು ಒಂದೊಂದು ಹಾಳೆಯನ್ನೂ ಮಡಿಸಿ, ಉಗುರಿನಿಂದ ಗೀರಿ, ಹರಿದು ಎರಡು ಭಾಗ ಮಾಡಿದೆ. ಕೆಂಪಿನದೊಂದು ಕಟ್ಟು, ನೀಲಿಯದೊಂದು ಕಟ್ಟು. ಯಾವುದು ಯಾರದೆಂದು ಯಾರಿಗೂ ತಿಳಿಯಬಾರದೆಂದು ಎರಡು ಕಟ್ಟುಗಳೊಳಗಿನ ಚೀಟಿಗಳನ್ನೂ ಚೆನ್ನಾಗಿ ಹಿಂದುಮುಂದು ಮಾಡಿದೆ. ನ್ಯಾಯ ಮಾಡಿದ ಸಮಾಧಾನದಲ್ಲಿ ಮನೆಗೆ ಹೋದೆ.

ಕಾರ್ಯದರ್ಶಿಗಳು ಎರಡು ಕಟ್ಟಿನ ಸರಾಸರಿ ತೆಗೆದರು. ಕೆಂಪು ಕೂದಲೆಳೆಯಷ್ಟು ಮುಂದಿತ್ತು. “ಎರಡೂ ಒಂದೇ ಅಲ್ವೇನಮ್ಮ ಇದು?” ಎಂದು ಅವರು ಮೆಲ್ಲಗೆ ಕೇಳಿದರು. ಒಂದು ವಾರ ಕೊಡಿ ಎಂದೆ.

ಮಲ್ಲೇಶ್ವರದಲ್ಲಿ ನಮ್ಮಮ್ಮನಿಗೆ ಪರಿಚಯವಿದ್ದ ಒಬ್ಬ ನಿವೃತ್ತ ಸಂಖ್ಯಾಶಾಸ್ತ್ರದ ಅಧ್ಯಾಪಕಿ ಇದ್ದರು. ಎರಡು ಕಟ್ಟುಗಳನ್ನೂ ಹಿಡಿದು ಅವರ ಮನೆಗೆ ಹೋದೆ. ಯಾವ ಪರೀಕ್ಷೆ ಹಾಕಿದರೆ ಸತ್ಯ ತಿಳಿಯುತ್ತದೆ ಮೇಡಂ ಎಂದು ಕೇಳಿದೆ. ಅವರು ಚೀಟಿಗಳನ್ನು ನೋಡಲೂ ಇಲ್ಲ.

“ಕೆಂಪಿಗೆ ಅಂಕ ಕೊಟ್ಟೋರು, ನೀಲಿಗೆ ಕೊಟ್ಟೋರು ಬೇರೆ ಬೇರೆ ಜನಾನಾ?”

“ಅಲ್ಲ, ಅದೇ ನಲವತ್ತು ಮನೆಯವರು.”

“ಮತ್ತೆ ಅವರನ್ನ ಯಾಕಮ್ಮ ಬೇರೆ ಮಾಡ್ದೆ?”

ಆಮೇಲೆ ನಿಧಾನವಾಗಿ ವಿವರಿಸಿದರು. ಕೆಲವು ಮನೆಗಳು ದಾಕ್ಷಿಣ್ಯಕ್ಕೆ ಎಲ್ಲದಕ್ಕೂ ಐದು ಕೊಡುತ್ತವೆ, ಕೆಲವು ಮನೆಗಳು ಅಮೃತಕ್ಕೂ ಮೂರರ ಮೇಲೆ ಕೊಡುವುದಿಲ್ಲ. ಮನೆಮನೆಗಳ ನಡುವಿನ ಆ ದೊಡ್ಡ ವ್ಯತ್ಯಾಸದ ಗದ್ದಲದಲ್ಲಿ ಪುಡಿಗಳ ನಡುವಿನ ಸಣ್ಣ ವ್ಯತ್ಯಾಸ ಕೇಳಿಸದೆ ಹೋಗುತ್ತದೆ. ಒಂದೇ ಮನೆಯೊಳಗೆ ಎರಡನ್ನೂ ಹೋಲಿಸಿದರೆ ಧಾರಾಳತನವೂ ಜಿಪುಣತನವೂ ಎರಡೂ ಪುಡಿಗೆ ಸಮವಾಗಿ ತಗಲಿ ಲೆಕ್ಕದಿಂದ ಹೊರಗುಳಿಯುತ್ತವೆ. ಸರಾಸರಿಗಳನ್ನು ಹೋಲಿಸುವ ಟಿ-ಪರೀಕ್ಷೆ ಇಲ್ಲಿ ತಮಗೆ ಒಗ್ಗದು ಎಂದರು: ಎತ್ತರ, ತೂಕಗಳಂತೆ ಈ ಅಂಕವನ್ನು ಯಾರೂ ಅಳೆದು ಕೊಟ್ಟದ್ದಲ್ಲ, ಎರಡರಿಂದ ಮೂರಕ್ಕೂ ನಾಲ್ಕರಿಂದ ಐದಕ್ಕೂ ಇರುವ ದೂರ ಒಂದೇ ಎಂದು ಹೇಳುವವರಾರು? ಅಂಕ ಕೊಟ್ಟವರು ಎರಡು ಬೇರೆ ಗುಂಪುಗಳಾಗಿದ್ದರೆ ಎಲ್ಲವನ್ನೂ ಕ್ರಮದಲ್ಲಿ ಜೋಡಿಸಿ ನೋಡುವ ಶ್ರೇಣಿ ಪರೀಕ್ಷೆಯೊಂದಿದೆ. ಇಲ್ಲಿರುವುದು ಜೋಡಿ. ಆದ್ದರಿಂದ ಎಲ್ಲಕ್ಕಿಂತ ಸರಳವಾದ ಚಿಹ್ನೆ ಪರೀಕ್ಷೆ ಸಾಕು: ಒಂದು ಮನೆಯಲ್ಲಿ ಕೆಂಪು ಮುಂದಿದ್ದರೆ ಕೂಡು ಚಿಹ್ನೆ, ನೀಲಿ ಮುಂದಿದ್ದರೆ ಕಳೆ ಚಿಹ್ನೆ, ಸಮವಾಗಿದ್ದರೆ ಪಕ್ಕಕ್ಕೆ.

ಹೆಸರುಗಳನ್ನು ಸುಟ್ಟ ಕಥೆ ಹೇಳಿದೆ. ಮುಚ್ಚಿಡುವುದು ಇನ್ನೊಂದು ತಪ್ಪಾಗುತ್ತಿತ್ತು. ಅವರು ಬೈಯಲಿಲ್ಲ. “ಹೆಸರು ಯಾರಿಗೆ ಬೇಕು? ಎರಡು ಅರ್ಧಕ್ಕೂ ಒಂದೇ ನಂಬರ್ ಹಾಕಿದ್ರೆ ಆಗ್ತಿತ್ತು” ಎಂದಷ್ಟೇ ಹೇಳಿ ಒಂದು ಚೀಟಿಯನ್ನು ಎತ್ತಿಕೊಂಡು ಅದರ ಮಡಿಕೆಯ ಅಂಚಿನ ಮೇಲೆ ಬೆರಳಾಡಿಸಿದರು. ಕತ್ತರಿಯಿಂದ ಕತ್ತರಿಸಿದ್ದೋ ಕೈಯಲ್ಲಿ ಹರಿದದ್ದೋ ಎಂದು ಕೇಳಿದರು. ಕೈಯಲ್ಲಿ ಎಂದೆ. ಅವರು ಎದ್ದುಹೋಗಿ ಫ್ಯಾನ್ ಆರಿಸಿ ಬಂದು ನೆಲದ ಮೇಲೆ ಕುಳಿತರು.

ಹರಿದ ಅಂಚು ನೋಡಿ ಅರ್ಧಗಳನ್ನು ಜೋಡಿಸಲು ಶುರು ಮಾಡುವ ಮೊದಲು ಯಾವ ಪರೀಕ್ಷೆ, ಹೇಗೆ ಎಣಿಸುತ್ತೇನೆ ಎಂಬುದನ್ನು ನನ್ನಿಂದ ಬರೆಸಿ ಸಹಿ ಹಾಕಿಸಿಕೊಂಡರು. ಫಲಿತಾಂಶ ನೋಡಿದ ಮೇಲೆ ಪರೀಕ್ಷೆ ಆರಿಸುವುದು ಮೋಸ ಎಂದರು. ಆ ಮಾತು ನನ್ನ ಶಾಲೆಯವರು ಹೇಳಬಹುದಾಗಿದ್ದ ಮಾತಿನಂತಿತ್ತು. ಕುಟ್ಟಿದ ಪುಡಿ ಮೇಲೋ ಎಂದಷ್ಟೇ ಪರೀಕ್ಷಿಸಿದರೆ ಸಾಲದೇ ಎಂದು ಕೇಳಿದೆ.

“ಎರಡು ಕಡೆಗೂ ಬರಿ. ನೀಲಿ ಗೆದ್ರೆ ಒಪ್ಕೋಬೇಕಲ್ಲ.”

ಬರೆದೆ.

ನನ್ನ ಆಸೆ ಜೋಡಿಸುವ ಕೈಗೆ ಸಹಾಯ ಮಾಡಬಾರದೆಂದು ಅಂಕಗಳನ್ನು ಕೆಳಮುಖ ಮಾಡಿ, ಬರಿಯ ಅಂಚುಗಳನ್ನು ನೋಡುತ್ತ ಎರಡು ಮಧ್ಯಾಹ್ನ ಕುಳಿತೆವು. ಒಂದೇ ಗಾತ್ರದ ನಲವತ್ತು ಹಾಳೆಗಳು, ಹರಿದದ್ದು ಒಂದೇ ಕೈ. ಆದರೂ ಒಂದರಂತೆ ಇನ್ನೊಂದು ಹರಿದಿರಲಿಲ್ಲ. ಇಲ್ಲೊಂದು ಸಣ್ಣ ನಾಲಗೆ ಚಾಚಿದ್ದರೆ ಎಲ್ಲೋ ಅದೇ ಅಳತೆಯ ಕಚ್ಚು ಇರುತ್ತಿತ್ತು. ಎರಡು ತುಂಡುಗಳು ಸೇರಿ ಗೆರೆಯೇ ಮಾಯವಾದಾಗ ಆಗುತ್ತಿದ್ದ ಸಂತೋಷವನ್ನು ನಾನು ಯಾವ ಸಭೆಯಲ್ಲೂ ಕಂಡಿರಲಿಲ್ಲ. ನಲವತ್ತೂ ಸೇರಿದವು. ಯಾರ ಮನೆಯೆಂದು ನಮಗಿಬ್ಬರಿಗೂ ತಿಳಿಯಲಿಲ್ಲ.

ಮಗುಚಿ ಎಣಿಸಿದೆವು. ಇಪ್ಪತ್ತೊಂದು ಮನೆಗಳಲ್ಲಿ ಕೆಂಪು ಮುಂದೆ, ಎಂಟರಲ್ಲಿ ನೀಲಿ ಮುಂದೆ, ಹನ್ನೊಂದರಲ್ಲಿ ಸಮ. ಪುಡಿಗಳಲ್ಲಿ ವ್ಯತ್ಯಾಸವೇ ಇಲ್ಲದಿದ್ದರೆ ಉಳಿದ ಇಪ್ಪತ್ತೊಂಬತ್ತು ಮನೆಗಳು ಇಪ್ಪತ್ತೊಂಬತ್ತು ನಾಣ್ಯ ಚಿಮ್ಮಿದಂತೆ. ಯಾವುದಾದರೂ ಒಂದು ಕಡೆಗೆ ಇಪ್ಪತ್ತೊಂದೋ ಅದಕ್ಕೂ ಹೆಚ್ಚೋ ಬೀಳುವುದು ಸುಮಾರು ನಲವತ್ತು ಸಲಕ್ಕೆ ಒಮ್ಮೆ ಎಂದರು ಮೇಡಂ. ನನ್ನ ಮುಖ ನೋಡಿ, ನಂಬಬೇಡ, ಮಾಡಿ ನೋಡು ಎಂದರು.

ಮಾರನೆಯ ದಿನ ಹಿತ್ತಿಲಿನಲ್ಲಿ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವರು ಮೊರ ತಂದು ನಾನು ತಂದಿದ್ದ ಇಪ್ಪತ್ತೊಂಬತ್ತು ನಾಣ್ಯಗಳನ್ನು ಅದಕ್ಕೆ ಹಾಕಿ ಧನಿಯ ಕೇರುವಂತೆ ಹಾರಿಸಿದರು. ಸಿಂಹ ಮೇಲಾದವನ್ನು ನಾನು ಎಣಿಸಿ ಸ್ಲೇಟಿನ ಮೇಲೆ ಬರೆದೆ. ಹದಿನಾಲ್ಕು. ಹದಿನಾರು. ಹದಿಮೂರು. ಹದಿನೇಳು.

“ನನ್ನ ಕೈರುಚಿಗೆ ಸಿಂಹ ಸಾಕ್ಷಿ ಹೇಳ್ಬೇಕಾ, ಮೇಷ್ಟ್ರಮ್ಮ?”

ಮೂವತ್ತು ಸಲ ಹಾರಿಸಿದರು. ಒಮ್ಮೆ ಇಪ್ಪತ್ತು ಬಂದಾಗ ಇಬ್ಬರೂ ಬಗ್ಗಿ ಮತ್ತೆ ಎಣಿಸಿದೆವು. ಇಪ್ಪತ್ತೊಂದು ಬರಲಿಲ್ಲ, ಸಿಂಹ ಎಂಟಕ್ಕೆ ಇಳಿಯಲೂ ಇಲ್ಲ.

ನಾವು ಜೋಡಿಸಿ ಅಂಟಿಸಿದ ಹಾಳೆಗಳನ್ನು ಕಾರ್ಯದರ್ಶಿಗಳು ತಾವೇ ಒಂದೊಂದಾಗಿ ಎಣಿಸಿದರು, ಅರ್ಧ ಗಂಟೆ ಪ್ರಶ್ನೆ ಕೇಳಿದರು, ಒಪ್ಪಿದರು. ಗಿರಣಿ ಬೇಡ, ಒನಕೆಗೆ ಇನ್ನೊಬ್ಬರನ್ನು ಸೇರಿಸಿಕೊಳ್ಳೋಣ ಎಂದು ಬರೆದುಕೊಂಡರು. ನಾನು ಹಿತ್ತಿಲಿಗೆ ಓಡಿಹೋಗಿ ಅಕ್ಕನಿಗೆ ಹೇಳಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಒರಳಿನ ಕಟ್ಟೆಯ ಮೇಲೆ ಕುಳಿತರು.

“ಆ ಎಂಟು ಮನೆ?”

ಅವರಿಗೆ ಗಿರಣಿಯ ಪುಡಿ ಹಿಡಿಸಿತು ಎಂದೆ.

“ಅದು ಗೊತ್ತಾಯ್ತು. ಯಾಕಂತೆ?”

ಯಾಕೆಂದು ನಾನು ನೋಡಿರಲಿಲ್ಲ. ಎಲ್ಲರ ಮಾತಿಗೂ ಒಂದೇ ತೂಕವೆಂದು ಹೆಸರು ಸುಟ್ಟವಳು, ಗೆಲ್ಲುವ ಎಣಿಕೆ ಸಿಕ್ಕಿದೊಡನೆ ಆ ಎಂಟು ಹಾಳೆಗಳನ್ನು ಕಟ್ಟಿನ ಅಡಿಗೆ ಸೇರಿಸಿಬಿಟ್ಟಿದ್ದೆ. ತಂದು ಓದಿದೆ. ಕೆಂಪಿನ ‘ಬೇರೆ ಮಾತು’ ಸಾಲಿನಲ್ಲಿ ಐವರು ಬೇರೆ ಬೇರೆ ಅಕ್ಷರಗಳಲ್ಲಿ ಒಂದೇ ದೂರು ಬರೆದಿದ್ದರು: ತರಿ ಉಳಿಯುತ್ತದೆ, ಧನಿಯದ ಸಿಪ್ಪೆ ನಾಲಗೆಗೆ ಅಂಟುತ್ತದೆ. ಅಕ್ಕ ಗೋಡೆಗೆ ಒರಗಿಸಿದ್ದ ತಮ್ಮ ಹಳೆಯ ಜರಡಿಯನ್ನು ಬೆಳಕಿಗೆ ಹಿಡಿದು ಅದರ ಕಣ್ಣುಗಳನ್ನು ಬಹಳ ಹೊತ್ತು ನೋಡಿದರು.

ಆ ವಾರ ಬಳೇಪೇಟೆಗೆ ಹೋಗಿ ಸಣ್ಣ ಕಣ್ಣಿನ ಜರಡಿ ತಂದರು. ಸೋಮವಾರ ನಾನು ಸಂಘಕ್ಕೆ ಹೋದಾಗ ಕಟ್ಟೆಯ ಮೇಲೆ ಪೊಟ್ಟಣಗಳ ಎರಡು ಸಾಲಿದ್ದವು, ಎರಡೂ ಕುಟ್ಟಿದ್ದೇ. ಹಳೆಯ ಜರಡಿಯವಕ್ಕೆ ಕೆಂಪು ದಾರ, ಹೊಸ ಜರಡಿಯವಕ್ಕೆ ಹಳದಿ.

“ಇನ್ನೊಂದು ಸಲ ಕೇಳಿಕೊಂಡು ಬನ್ನಿ” ಎಂದರು ಅಕ್ಕ. “ಹಾಳೆ ಮಾತ್ರ ಹರೀಬೇಡಿ.”

ನಾನು ಅಲ್ಲೇ ಕುಳಿತು, ಪ್ರತಿ ಹಾಳೆಯ ಮೇಲರ್ಧಕ್ಕೂ ಕೆಳಗಿನರ್ಧಕ್ಕೂ ಒಂದೇ ನಂಬರ್ ಬರೆಯತೊಡಗಿದೆ.