ಪ್ರೇಮ ಹುಟ್ಟದ ಹುಡುಗಿಯ ಕಥೆ ಕೇಳಿದ ಅಕ್ಕೋರು

ನಮಗೆ ಕನ್ನಡ ಕಲಿಸುತ್ತಿದ್ದ ಅಕ್ಕೋರ ಬಲಗಿವಿಯ ಹಾಲೆ ಎರಡು ಸೀಳಾಗಿತ್ತು. ಓಲೆ ಹಾಕುವ ತೂತು ಕೆಳತನಕ ಹರಿದು, ಸೀಳಿದ ಎಲೆಯ ತುದಿಯಂತೆ ಕಾಣುತ್ತಿತ್ತು. ಎಡಗಿವಿಯಲ್ಲಿ ಮಾತ್ರ ಒಂದು ಬಿಳಿ ಹರಳಿನ ಬೆಂಡೋಲೆ. ಡಾಕ್ಟರ ಹತ್ತಿರ ಹೋಗಿದ್ದರೆ ಹೊಲಿಗೆ ಹಾಕಿ ಸರಿಮಾಡುತ್ತಿದ್ದರು. ಅಕ್ಕೋರು ಹೋಗಲಿಲ್ಲ. ಒಂದೇ ಕಿವಿಗೆ ಓಲೆ ಹಾಕಿಕೊಂಡು, ತಲೆ ತುಸು ಎಡಕ್ಕೆ ವಾಲಿಸಿ, ಹಳಿಯಾಳದ ಬಸ್‌ಸ್ಟ್ಯಾಂಡಿನ ಮುಂದಿನಿಂದ ದಿನಾ ಶಾಲೆಗೆ ನಡೆದು ಬರುತ್ತಿದ್ದರು.

ಲಗ್ನವಾಗದ ಹೆಣ್ಣು, ಮೇಲೆ ಹರಿದ ಕಿವಿ. ಊರಿಗೆ ಅಷ್ಟು ಸಾಕಾಗಿತ್ತು. ಕುಳಗಿಯಲ್ಲಿ ಕೆಲಸಕ್ಕಿದ್ದ ಒಬ್ಬ ಫಾರೆಸ್ಟರ್ ಮಾತು ಕೊಟ್ಟು ಕೈಬಿಟ್ಟನೆಂದೂ, ಜಗಳದಲ್ಲಿ ಅವನೇ ಓಲೆ ಕಿತ್ತನೆಂದೂ ಕೆಲವರು ಹೇಳುತ್ತಿದ್ದರು. ಗೋವಾದಲ್ಲಿ ಒಬ್ಬನಿದ್ದ, ತೀರಿಕೊಂಡ ಎಂದು ಇನ್ನು ಕೆಲವರು. ನನ್ನ ಅವ್ವ ನಂಬಿದ್ದು ಗೋವಾದ ಕಥೆಯನ್ನು. ಅಕ್ಕೋರು ನಮ್ಮ ಬೀಜದ ಅಂಗಡಿಯ ಮುಂದೆ ಹಾದುಹೋದಾಗಲೆಲ್ಲ ಲೊಚಗುಟ್ಟುತ್ತಿದ್ದಳು. ಗಂಡಸೇ ಇಲ್ಲದ ಒಂದು ಕಥೆ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಅಕ್ಕೋರದು ಜೋಯಿಡಾ ಕಡೆಯ ಹಳ್ಳಿ, ಮನೆಮಾತು ಕೊಂಕಣಿ. ಶಾಲೆಗೆ ಸೇರಿದ ಮೇಲೆಯೇ ಕನ್ನಡ ಕಲಿತದ್ದಂತೆ. ಅದಕ್ಕೋ ಏನೋ, ಕನ್ನಡದ ಶಬ್ದಗಳನ್ನು ಹೊಸದಾಗಿ ಕೊಂಡ ಪಾತ್ರೆಯ ಹಾಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಶನಿವಾರದ ಕಡೆಯ ಪಿರಿಯಡ್ಡಿನಲ್ಲಿ ಪಾಠವಿಲ್ಲ, ಓದು. ಹರೆಯದ ಹುಡುಗ ಹುಡುಗಿಯರ ಕಾದಂಬರಿ ತಂದು ವಾರಕ್ಕಿಷ್ಟು ಓದಿ ಹೇಳುತ್ತಿದ್ದರು. ಒಂಬತ್ತನೇ ಇಯತ್ತೆಯಲ್ಲಿ ಓದಿದ ಒಂದು ಕಥೆಯಲ್ಲಿ ನಾಯಕಿಗೊಬ್ಬಳು ಗೆಳತಿ. ಇಬ್ಬರೂ ಕೂಡಿ ಶಾಲೆಗೆ ಹೋಗುವುದು, ಕೂಡಿ ಉಣ್ಣುವುದು. ನಾಯಕಿಗೆ ಪ್ರೇಮವಾಯಿತು. ಗೆಳತಿ ಅವಳ ಪರವಾಗಿ ಮನೆಯಲ್ಲಿ ಸುಳ್ಳು ಹೇಳಿದಳು, ಮಳೆಯಲ್ಲಿ ನಿಂತು ಕಾವಲು ಕಾಯ್ದಳು. ಲಗ್ನವಾದ ಮೇಲೆ ಕಥೆಯಿಂದಲೇ ಮಾಯವಾದಳು.

ಪುಸ್ತಕ ಮುಚ್ಚಿ ಅಕ್ಕೋರು ಕೇಳಿದ್ದು ಒಂದೇ ಪ್ರಶ್ನೆ. ಆ ಗೆಳತಿ ಏನಾದಳು? ಬರೆದು ತರಲು ಹೇಳಿದರು.

ತರಗತಿಯ ಎಲ್ಲರೂ ಅವಳಿಗೂ ಒಂದು ಗಂಡು ಹುಡುಕಿ ಲಗ್ನ ಮಾಡಿಸಿದ್ದರು. ನಾಯಕನ ತಮ್ಮನಿಗೇ ಕೊಟ್ಟವರು ಹೆಚ್ಚು. ನಾನು ಮಾತ್ರ ಅವಳಿಗೆ ದಾಂಡೇಲಿಯಲ್ಲಿ, ನದಿಯ ಸಪ್ಪಳ ಕೇಳುವಷ್ಟು ಹತ್ತಿರ, ಒಂದು ಮನೆ ಮಾಡಿಕೊಟ್ಟಿದ್ದೆ. ಅಲ್ಲಿ ಅವಳು ಕೋಳಿ ಸಾಕಿದಳು, ಕಣ್ತುಂಬ ನಿದ್ದೆ ಮಾಡಿದಳು, ಹಬ್ಬಕ್ಕೆ ಗೆಳತಿ ಬರುತ್ತಾಳೆಂದು ಹೂರಣ ಅರೆದಿಟ್ಟು ಕಾಯ್ದಳು. ಅಕ್ಕೋರು ನನ್ನನ್ನು ಶಾಲೆ ಬಿಟ್ಟ ಮೇಲೆ ನಿಲ್ಲಿಸಿಕೊಂಡರು. ಬೈಯುತ್ತಾರೆಂದುಕೊಂಡೆ. ಹಾಳೆಯನ್ನು ಮತ್ತೊಮ್ಮೆ ಓದಿ, ಕಿಟಕಿಯ ಕಡೆ ನೋಡುತ್ತ, “ಇಕಿ ನನಗ ಗೊತ್ತಿರೋಕಿ” ಎಂದರು. ಅಷ್ಟೇ.

ಆ ವಯಸ್ಸಿನಲ್ಲಿ ನನ್ನ ಸುತ್ತ ಎಲ್ಲರಿಗೂ ಏನೋ ಆಗುತ್ತಿತ್ತು. ಗೆಳತಿಯರು ಒಂದು ಹೆಸರು ಕೇಳಿದರೆ ಕೆಂಪಾಗುತ್ತಿದ್ದರು, ಊಟ ಬಿಡುತ್ತಿದ್ದರು, ಕಾರಣವಿಲ್ಲದೆ ಅಳುತ್ತಿದ್ದರು. ನನಗೆ ಏನೂ ಆಗಲಿಲ್ಲ. ಇಂದಲ್ಲ ನಾಳೆ ಆದೀತು ಎಂದು ಜ್ವರಕ್ಕೆ ಕಾದಂತೆ ಕಾದೆ. ಕಡೆಗೆ, ಎಲ್ಲರೂ ಕಾಡುತ್ತಾರೆಂದು, ಪಕ್ಕದ ತರಗತಿಯ ಒಬ್ಬ ಹುಡುಗನ ಹೆಸರು ಹೇಳಿಬಿಟ್ಟೆ. ಅವನು ಎಡಗೈಯಲ್ಲಿ ಬೌಲಿಂಗ್ ಮಾಡುತ್ತಿದ್ದ ಎನ್ನುವುದರ ಹೊರತು ಅವನ ಬಗ್ಗೆ ನನಗೆ ಏನೂ ತಿಳಿದಿರಲಿಲ್ಲ.

ಪಿಯುಸಿಗೆ ಬಂದ ವರ್ಷ ಒಂದು ಮಧ್ಯಾಹ್ನ ಅಕ್ಕೋರ ಮನೆಯ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ಹೇಳಿದೆ. ಅವರು ಅವರೆಕಾಳು ಸುಲಿಯುತ್ತಿದ್ದರು. ನನ್ನಲ್ಲಿ ಏನಾದರೂ ಕೆಟ್ಟಿದೆಯೇ ಎಂದು ಕೇಳಿದೆ. ಅವರು ಕೈ ನಿಲ್ಲಿಸಲಿಲ್ಲ.

“ಏನೂ ಕೆಟ್ಟಿಲ್ಲ. ಏನೂ ಕಮ್ಮಿನೂ ಇಲ್ಲ. ನನಗೂ ಹಂಗ. ಮಂದಿ ತಿಳಕೋತಾರ, ಬ್ಯಾಡಂತ ಬಿಟ್ಟಾಳ ಅಂತ. ಬಿಡಾಕ ಅದು ಬರಬೇಕಲ್ಲ ಮೊದಲ? ಬರಲೇ ಇಲ್ಲ.” ಸಿಪ್ಪೆ ಪಕ್ಕಕ್ಕೆ ಸರಿಸಿ, “ಹಿಂಗ ಬದುಕೂದು ಸಸಾರ, ತ್ರಾಸಿಲ್ಲ ಅಂತ ಮಾತ್ರ ಹೇಳೂದಿಲ್ಲ ನಿನಗ” ಎಂದರು.

ಕಿವಿಯ ವಿಷಯ ಹೇಳಿದ್ದೂ ಆಗಲೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ದಾಂಡೇಲಿಯಲ್ಲಿದ್ದರು. ಒಬ್ಬ ನರ್ಸ್ ಗೆಳತಿಯ ಜೊತೆ ಕೂಡಿ ಒಂದೇ ಕೋಣೆ ಬಾಡಿಗೆ ಹಿಡಿದಿದ್ದರು. ಇಬ್ಬರ ಅಡಿಗೆ ಒಂದು, ಛತ್ರಿ ಒಂದು. ಹಲವು ವರ್ಷ ಹಾಗೇ ನಡೆಯಿತು. ಆಮೇಲೆ ಆ ಗೆಳತಿಗೆ ಮುಂಡಗೋಡ ತಾಲ್ಲೂಕಿನ ಚಿಗಳ್ಳಿಯ ಒಂದು ಒಕ್ಕಲುತನದ ಮನೆಗೆ ಸಂಬಂಧ ಕೂಡಿಬಂತು. ಅವಳ ಮಗಳು ತೊಡೆಯ ಮೇಲೆ ಆಡುವ ವಯಸ್ಸಿನಲ್ಲಿ ಅಕ್ಕೋರ ಓಲೆ ಹಿಡಿದು ಜಗ್ಗಿದಳು. ಹರಿದದ್ದು ಹಾಗೆ. ಹೊಲಿಸಿಕೊಳ್ಳಲಿಲ್ಲ ಯಾಕೆ ಎಂದು ಕೇಳಿದೆ. ಅದೊಂದು ಗೆಳತಿಯ ಮನೆಯಿಂದ ಬಂದದ್ದು, ಇರಲಿ ಎಂದರು.

ಮುಂದಿನ ಬೇಸಿಗೆ ರಜೆಯಲ್ಲಿ ಅವ್ವನನ್ನು ಒಪ್ಪಿಸಿ ನನ್ನನ್ನೂ ಚಿಗಳ್ಳಿಗೆ ಕರೆದುಕೊಂಡು ಹೋದರು. ಬಸ್ಸಿನಲ್ಲಿ ಅವರನ್ನು ಅಷ್ಟು ಹಗುರಾಗಿ ನಾನು ನೋಡಿರಲಿಲ್ಲ. ಗೆಳತಿಗೆಂದು ಗೋಡಂಬಿ, ಎರಡು ಜಂಪರಿನ ಅರಿವೆ, ಓದಿ ಮುಗಿಸಿದ ಪುಸ್ತಕ, ಎಲ್ಲ ಕಟ್ಟಿಕೊಂಡಿದ್ದರು. ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದರೆಂದು ಕಾಣುತ್ತದೆ, ತಮಗೆ ತಾವೇ ನಗುತ್ತಿದ್ದರು.

ಗೆಳತಿ ಬಾಗಿಲಿಗೇ ಓಡಿಬಂದು ಕೈ ಹಿಡಿದುಕೊಂಡರು. ತಮ್ಮನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆ ಎಂದು ನನಗೆ ಹೇಳಿದರು. ಒಳ್ಳೆಯ ಮನೆ, ಗಂಡನೂ ಒಳ್ಳೆಯವರು. ಆದರೆ ಆ ದಿನ ಹೊಲದಲ್ಲಿ ಆಳುಗಳಿದ್ದರು, ಅವರಿಗೆ ಬುತ್ತಿ ಹೋಗಬೇಕಿತ್ತು. ಅತ್ತೆಗೆ ಕಾಲುನೋವು. ಮಧ್ಯಾಹ್ನ ಬೀಗರು ಬಂದರು. ಅಕ್ಕೋರು ಅಡಿಗೆಮನೆಯ ಬಾಗಿಲಲ್ಲಿ ಕೂತು ರೊಟ್ಟಿ ಬೇಯುವುದನ್ನೇ ನೋಡಿದರು. “ತಡಿ, ಈಗ ಬಂದೆ” ಎಂದು ಮಾವಶಿ ಎದ್ದು ಹೋಗುವುದು, “ಆಗಲಿ, ನೀ ಮುಗಿಸಿಕೊ” ಎಂದು ಅಕ್ಕೋರು ಹೇಳುವುದು. ವಾಪಸು ಹೋಗುವ ಬಸ್ಸಿನ ಹೊತ್ತಾಯಿತು. ತಂದ ಗಂಟನ್ನು ಅಕ್ಕೋರು ಗೋಡೆಯ ಮಾಡದಲ್ಲಿಟ್ಟು ಬಂದರು.

ಬಸ್ಸು ಮುಂಡಗೋಡ ದಾಟಿತು. ಆಮೇಲೆ ನನ್ನ ಕಡೆ ತಿರುಗದೆ ಹೇಳಿದರು:

“ಲಗ್ನ ಆಗಲಿಲ್ಲ ಅಂತ ಒಂದಿನಾನೂ ಅತ್ತಿಲ್ಲ ನಾ. ಇಕಿ ಹೋದ ಮ್ಯಾಲ ಅತ್ತೇನಿ. ಗಂಡ ಬಿಟ್ಟು ಹೋದ್ರ ಅಳಾಕ ಊರ ಕೂಡತೈತಿ. ಗೆಳತಿ ಹೋದ್ರ ಯಾರಿಗಿ ಹೇಳೋದು? ಇದಕ್ಕ ಏನಂತಾರಂತ ಯಾವ ಪುಸ್ತಕದಾಗೂ ಸಿಗಲಿಲ್ಲ ನನಗ.”

ಅವರ ಚೀಲವನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಅದು ಖಾಲಿಯಾಗಿತ್ತು.

ನಾನು ಓದಿ, ಧಾರವಾಡದಲ್ಲಿ ಕೆಲಸ ಹಿಡಿದು, ಹದಿಹರೆಯದವರಿಗೆಂದು ಒಂದೆರಡು ಪುಸ್ತಕ ಬರೆದೆ. ಅವುಗಳಲ್ಲಿ ಕಾಡಿತ್ತು, ಕಾಳಿನದಿಯಿತ್ತು, ಸಾಹಸವಿತ್ತು. ನನ್ನಂಥವಳು ಇರಲಿಲ್ಲ. ಒಂದು ದಿನ ಮೊಬೈಲಿನಲ್ಲಿ ಏನನ್ನೋ ಓದುವಾಗ ಆ ಶಬ್ದ ಸಿಕ್ಕಿತು: ಅರೋಮ್ಯಾಂಟಿಕ್. ಯಾರ ಮೇಲೂ ಪ್ರೇಮ ಹುಟ್ಟದವರು. ಅದು ರೋಗವಲ್ಲ, ವ್ರತವಲ್ಲ, ಯಾರೋ ಕೈಕೊಟ್ಟ ನೋವೂ ಅಲ್ಲ. ಕೆಲವರು ಇರುವುದೇ ಹಾಗೆ. ಎರಡು ಸಲ ಓದಿದೆ. ಮೊದಲು ಫೋನು ಮಾಡಿದ್ದು ಅಕ್ಕೋರಿಗೆ.

ಅವರು ಆ ಶಬ್ದವನ್ನು ನಿಧಾನವಾಗಿ ಹೇಳಿ ನೋಡಿದರು. “ಗುಳಿಗಿ ಹೆಸರು ಇದ್ದಂಗೈತಿ” ಎಂದು ನಕ್ಕರು. ಇನ್ನೊಮ್ಮೆ ಹೇಳಿ ನೋಡಿದರು. “ಅಂದ್ರ ಒಂದ ಹೆಸರಿಟ್ಟು ಎಣಿಸೂವಷ್ಟು ಮಂದಿ ಅದೇವಿ ನಾವು” ಎಂದರು. ಇಂಥವರ ಕಥೆಗಳು ಇವೆಯೇ ಎಂದು ಅವರು ಕೇಳಿದ್ದು ಆಮೇಲೆ.

ಹುಡುಕಿದೆ. ಇಂಗ್ಲಿಷಿನಲ್ಲಿ ಹರೆಯದವರಿಗೆ ಬರೆದ ಕೆಲವು ಸಿಕ್ಕವು. ಒಂದೆರಡು ಓದಿ ರಾತ್ರಿಯಿಡೀ ಸಂತೋಷಪಟ್ಟೆ. ಉಳಿದವುಗಳಲ್ಲಿ ಅಂಥವಳು ಯಂತ್ರದ ಹಾಗಿರುತ್ತಿದ್ದಳು, ಇಲ್ಲವೇ ಕಲ್ಲುಮನಸ್ಸಿನ ಕೇಡಿ, ಇಲ್ಲವೇ ಕಡೆಯ ಅಧ್ಯಾಯದಲ್ಲಿ ಸರಿಯಾದ ಹುಡುಗ ಬಂದು ಅವಳನ್ನು ‘ಗುಣ’ ಮಾಡುತ್ತಿದ್ದ. ಕನ್ನಡದಲ್ಲಿ ನನಗೆ ಒಂದೂ ಸಿಗಲಿಲ್ಲ. ಹಾಗೆಂದು ಅಕ್ಕೋರಿಗೆ ಹೇಳಿದೆ.

“ಹಂಗಾದ್ರ ನೀನ ಬರಿ. ಆದ್ರ ಒಂದು. ಅಕಿನ್ನ ದೊಡ್ಡ ಸಾಧಕಿ ಮಾಡಬ್ಯಾಡ. ಸನ್ಯಾಸಿನೂ ಮಾಡಬ್ಯಾಡ. ಅಕಿಗಿ ಹಸಿವಿ ಇರಲಿ, ಸಿಟ್ಟು ಇರಲಿ. ಯಾರಿಗರ ಕಾಯಲಿ ಅಕಿ.”

ಕಾಯಲಿ ಎಂಬ ಆ ಮಾತಿನ ಮೇಲೆಯೇ ಇಡೀ ಕಾದಂಬರಿ ನಿಂತಿತು. ಹಳಿಯಾಳದ ಒಬ್ಬ ಹುಡುಗಿ, ಅವಳ ಗೆಳತಿ, ಗೆಳತಿಗೆ ಹುಟ್ಟಿದ ಪ್ರೇಮ, ಇವಳಿಗೆ ಹುಟ್ಟದ ಪ್ರೇಮ. ಮುಗಿಸಿ ಕಳಿಸಿದಾಗ ಪ್ರಕಾಶಕರಿಗೆ ಮೆಚ್ಚಿಗೆಯಾಯಿತು. ಆದರೆ ಕಡೆಯ ಪುಟದಲ್ಲಿ ಒಬ್ಬ ಹುಡುಗ ಬೇಕೆಂದರು. ಹೆಚ್ಚೇನೂ ಬೇಡ, ಬಸ್ಸಿನಲ್ಲಿ ಅವನು ನೋಡಿ ನಕ್ಕರೆ ಸಾಕು, ಓದುವ ಮಕ್ಕಳಿಗೆ ಒಂದು ಆಸೆ ಉಳಿಯಬೇಕಲ್ಲ ಎಂದರು.

ಆಗ ಅಕ್ಕೋರು ನಿವೃತ್ತರಾಗಿದ್ದರು. ಮೂತ್ರಪಿಂಡ ಕೆಟ್ಟು ವಾರವಾರ ಹುಬ್ಬಳ್ಳಿಗೆ ಹೋಗಿ ಬರಬೇಕಾಗಿತ್ತು. ಮುಖ ಊದಿಕೊಂಡು, ಕೈ ತೆಳ್ಳಗಾಗಿತ್ತು. ಎರಡೂ ಮುಕ್ತಾಯಗಳನ್ನು ತೆಗೆದುಕೊಂಡು ಹೋಗಿ ಅವರ ಹಾಸಿಗೆಯ ಪಕ್ಕದಲ್ಲಿ ಕೂತು ಓದಿದೆ. ಮೊದಲು ಹುಡುಗ ನಗುವುದನ್ನು ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

“ಇಲ್ಲಿ ನಮ್ಮಂಥಾಕಿ ಮತ್ತ ಮಾಯ ಆಗಿಬಿಟ್ಲಲ್ಲ” ಎಂದರು.

ಇನ್ನೊಂದನ್ನು ಓದಿದೆ. ಅದರಲ್ಲಿ ಗೆಳತಿ ಬರುವ ಬಸ್ಸಿಗಾಗಿ ಹುಡುಗಿ ನಿಂತಿದ್ದಾಳೆ. ಬಸ್ಸು ಬರುತ್ತದೆ, ಗೆಳತಿ ಅದರಲ್ಲಿಲ್ಲ. ಹುಡುಗಿ ಅಂಗಡಿಯಲ್ಲಿ ಒಂದು ಚಹಾ ಹೇಳಿ ಮುಂದಿನ ಬಸ್ಸಿಗೆ ಕಾಯುತ್ತ ಕೂಡುತ್ತಾಳೆ. ಅಕ್ಕೋರು ಏನೂ ಅನ್ನಲಿಲ್ಲ. ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದರು. ಆಮೇಲೆ ಅದನ್ನೇ ಇನ್ನೊಮ್ಮೆ ಓದಿಸಿದರು.

ಪ್ರಕಾಶಕರಿಗೆ ಆಗುವುದಿಲ್ಲವೆಂದು ಹೇಳಿದೆ. ಬೇರೊಬ್ಬರು ಒಪ್ಪಿ ಅಚ್ಚಿಗೆ ಕೊಟ್ಟರು. ಪುಸ್ತಕ ಕೈಗೆ ಬರುವ ಮೊದಲೇ ಅಕ್ಕೋರು ತೀರಿಹೋದರು.

ಮಾವಶಿ ಚಿಗಳ್ಳಿಯಿಂದ ಬಂದು ಅವರ ಕಾಲಬಳಿ ಕೂತಿದ್ದರು. ಜೋಯಿಡಾದಿಂದ ಅಣ್ಣನ ಮಕ್ಕಳು ಬಂದರು. ನೀವು ಅವರಿಗೆ ಏನಾಗಬೇಕು ಎಂದು ಯಾರೋ ಮಾವಶಿಯನ್ನು ಕೇಳಿದರು. “ಗೆಳತಿ” ಎಂದರು. ಕೇಳಿದವರು ಮುಂದೆ ಇನ್ನೇನಾದರೂ ಇರಬಹುದೆಂದು ಕಾದು ನಿಂತರು. ಆಮೇಲೆ, ಮನೆಯವರು ಮುಂದೆ ಬರಲಿ, ಸ್ವಲ್ಪ ಸರೀರಿ ಎಂದರು. ಮಾವಶಿ ಸರಿದರು. ನನ್ನ ಪಕ್ಕಕ್ಕೆ ಬಂದು ಗೋಡೆಗೆ ಒರಗಿ ನಿಂತು, “ನನ್ನ ಲಗ್ನದಾಗ ಎಲ್ಲಾರಕಿಂತ ಹೆಚ್ಚು ಓಡಾಡಿದ್ಲು. ಹೋಗಬ್ಯಾಡ ಅಂತ ಒಂದ್ ಮಾತು ಅನಲಿಲ್ಲ. ಅಂದಿದ್ರ…” ಎಂದು ನಿಲ್ಲಿಸಿದರು. ಅವರು ಏನು ಮಾಡುತ್ತಿದ್ದರೆಂದು ನಾನು ಕೇಳಲಿಲ್ಲ.

ನಾನೊಬ್ಬಳು ಇರುವುದೇ ಹೀಗೆ ಎಂದು ಈ ಲೋಕದಲ್ಲಿ ಮೊದಲು ಗುರುತಿಸಿದವರು ಅಕ್ಕೋರು. ಆ ಋಣವನ್ನು ಎಲ್ಲಿ ತೀರಿಸುವುದೆಂದು ನನಗೆ ಗೊತ್ತಿಲ್ಲ. ಈಗಲೂ ಒಳ್ಳೆಯದೊಂದು ಓದಿದರೆ ಕೈ ಫೋನಿಗೆ ಹೋಗುತ್ತದೆ, ಅವರ ನಂಬರಿನ ತನಕ ಹೋಗಿ ನಿಲ್ಲುತ್ತದೆ.

ಪುಸ್ತಕ ಬಂದ ಮೇಲೆ ಒಂದು ಪ್ರತಿ ತೆಗೆದುಕೊಂಡು ಚಿಗಳ್ಳಿಗೆ ಹೋದೆ. ಮಾವಶಿಗೆ ಕಣ್ಣು ಮಂಜಾಗಿದೆ, ಓದಿ ಹೇಳು ಎಂದರು. ಮಗಳು ಲಗ್ನವಾಗಿ ಹೋಗಿದ್ದಾಳೆ, ಮನೆಯಲ್ಲಿ ಈಗ ಸದ್ದಿಲ್ಲ. ಹಿತ್ತಲಿನ ನೆರಳಲ್ಲಿ ಇಡೀ ಮಧ್ಯಾಹ್ನ ಓದಿದೆ. ಬಸ್ಸಿಗೆ ಕಾಯುವ ಪುಟ ಮುಗಿದಾಗ ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

“ಇದನ್ನ ಅಕಿ ಕೇಳಿದ್ಲೇನು?”

“ಕೇಳಿದ್ರು.”

“ಏನಂದ್ಲು?”

“ಏನೂ ಅನಲಿಲ್ಲ, ಮಾವಶಿ. ಇನ್ನೊಮ್ಮೆ ಓದಂದ್ರು.”

ಒಳಗಿನಿಂದ ಯಾರೋ ಮಾವಶಿಯನ್ನು ಕರೆದರು. ಅವರು ಏಳಲಿಲ್ಲ. ಸೆರಗು ಸರಿಮಾಡಿಕೊಂಡು, ನನ್ನ ಹತ್ತಿರಕ್ಕೆ ಜರುಗಿ ಕೂತರು.

“ಹಂಗಾದ್ರ ನನಗೂ ಇನ್ನೊಮ್ಮೆ ಓದವಾ” ಎಂದರು.