ಮೆಂಬರ್ರ ದನಿಯಾಗೆ ಅಂದ ‘ಬ್ಯಾಡ’

ನಂಬಬ್ಯಾಡ್ರಿ. ನಂಬಿದ್ರೆ ನನ್ನ ಹೆಸರಿಗೇ ಅವಮಾನ. ದಾವಣಗೆರೆಯಾಗೆ ನನ್ನಷ್ಟು ಜನರನ್ನ ಯಾಮಾರಿಸಿದೋನು ಇನ್ನೊಬ್ಬ ಹುಟ್ಟಿಲ್ಲ. ಮೊನ್ನೆ ಗುಜರಿ ಅಂಗಡಿಯಾಗೆ ತುಕ್ಕು ಹಿಡಿದ ತಗಡಿನ ಕಹಳೆ ಬಿದ್ದಿತ್ತು, ಹಿಂದೆ ಎಲೆಕ್ಷನ್ನಾಗೆ ಕೂಗಾಕೆ ಹಿಡೀತಿದ್ರಲ್ಲ, ಅಂಥದ್ದು. ಬಾಯಿಗಿಟ್ಟೆ... ಅದರಾಗಿಂದ ಬಂದಿದ್ದು ನನ್ನ ದನಿಯಲ್ಲ, ನಮ್ಮ ವಾರ್ಡಿನ ಹಳೇ ಮೆಂಬರ್ರದು.

ಮುನ್ಸಿಪಾಲ್ಟಿಗೆ ಎರಡು ಸಲ ಗೆದ್ದಿದ್ರು. ಯಾರ ಮನೆಯಾಗೆ ಚಾ ಕೊಟ್ರೂ ಮೊದಲು “ಬ್ಯಾಡ್ರಪ್ಪ, ಬ್ಯಾಡ” ಅನ್ನೋರು. ಮೂರನೇ ಸಲ ಕೇಳಿದ್ ಮ್ಯಾಲೆ ಕಪ್ಪು ಬಸಿ ಹಿಡಿಯೋರು. ಆ ದನಿ ನಾನು ತೆಗೆದು ಬಾಗ್ಲಾಗೆ ಕೂಗಿದ್ರೆ, ಗಂಡ ಬಂದ ಅಂತ ಅವರ ಹೆಂಡ್ರೇ ಕಾಲಿಗೆ ನೀರು ತರೋರು.

ಇಸವಿ ಸಾವಿರದ ಒಂಬೈನೂರಾ ಅರವತ್ತರ ಸುಮಾರು ಇರಬೇಕು. ಮೂರನೇ ಸಲ ನಿಂತಿದ್ರು. ಗೆದ್ದು ಓಣಿಗೆ ನಲ್ಲಿ ಹಾಕಿಸಿ ರಾಜಕೀಯ ಬಿಡ್ತೀನಿ ಅಂದಿದ್ರು. ಪ್ರಚಾರದ ಕೊನೇ ದಿನ ಸುಡೋ ಜ್ವರ. ಆದ್ರೂ ಟಾಂಗಾದ ಒಳಗೆ ಕಂಬಳಿ ಹೊದ್ದು ಮಲಗಿದ್ರು. ಮುಂದೆ ಪರದೆ ಮರೆಯಾಗೆ ಕಹಳೆ ಹಿಡಿದು ನಾನು. ಕೂಗಿ ಕೂಗಿ ಬ್ಯಾಸರಾಗಿ, ಅವರ ದನಿಯಾಗೇ ಅಂದೆ: “ಓಟು ಬ್ಯಾಡ್ರಪ್ಪ, ಬ್ಯಾಡ. ನೀವು ಚೆಂದಾಗಿದ್ರೆ ಸಾಕು.”

ಕಟ್ಟೆ ಮ್ಯಾಲಿದ್ದೋರು ಕೈ ಮುಗಿದ್ರು. ಚಾ ಆಗಿದ್ರೆ ಇನ್ನೆರಡು ಸಲ ಕೇಳೋರು... ಓಟಿಗೆ ಹಂಗೆ ಯಾರು ಕೇಳ್ತಾರೆ?

ಬೆರಳೆಣಿಕೆ ಓಟಿನಾಗೆ ಸೋತ್ರು. “ಅವರೇ ಬ್ಯಾಡ ಅಂದ್ರಲ್ಲ, ಪಾಪ, ಸುಸ್ತಾಗೈತೆ” ಅಂತ ಓಣಿಯೆಲ್ಲ ಮಾತು. ನಾನು ಬಾಯಿ ಬಿಡಲಿಲ್ಲ.

ಅವರು ಹರಿಹರಕ್ಕೆ, ಮಗಳ ಮನೆಗೆ ಹೋಗಿಬಿಟ್ರು. ವರ್ಷದ ಮ್ಯಾಲೆ ನೋಡಾಕೆ ಹೋದೆ. ಮಗಳು ಚಾ ತಂದ್ಲು. ಒಂದು ಮಾತೂ ಅನ್ನದೆ ಇಸ್ಕಂಡ್ರು.

“ಯಾಕ್ರೀ, ಬ್ಯಾಡ ಅನ್ನಲಿಲ್ಲ?” ಅಂತ ಚೇಷ್ಟೆ ಮಾಡ್ದೆ.

“ಅಂಜಿಕೆ ತಮ್ಮಾ. ಅವತ್ತು ಜ್ವರದಾಗೆ ನನ್ನ ಬಾಯಿಂದ ಆ ಮಾತು ಹೆಂಗೆ ಬಂತೋ. ಕಿವಿಯಾರೆ ಕೇಳೀನಿ. ನನ್ನ ಬಾಯಿನೇ ನನಗೆ ನಂಬಿಕಿಲ್ಲ ಈಗ.”

“ಅದು ನೀವಲ್ರಿ, ನಾನು” ಅಂದೆ. ಅವರ ದನಿಯಾಗೇ ಅಂದು ತೋರಿಸಿದೆ. ನನ್ನ ಮುಖಾನೇ ನೋಡಿದ್ರು... ಆಮೇಲೆ ಹೊಟ್ಟೆ ಹಿಡ್ಕಂಡು ನಕ್ಕರು.

ಅವರು ತೀರಿಹೋಗಿ ಎಷ್ಟೋ ವರ್ಷ ಆತು. ಆ ದನಿ ಗುರುತು ಹಿಡಿಯೋರು ಓಣಿಯಾಗೆ ಒಬ್ರೂ ಉಳಿದಿಲ್ಲ. ಒಬ್ನೇ ಇದ್ದಾಗ ಕೆಮ್ಮಿದ್ರೂ ಅವರೇ ಕೆಮ್ಮಿದಂಗೆ ಕೇಳ್ತೈತೆ, ತಿರುಗಿ ನೋಡ್ತೀನಿ...

ಇಷ್ಟರಾಗೆ ಒಂದೇ ಒಂದು ಸುಳ್ಳು ಸೇರಿಸೀನಿ. ಅವರು ನಗಲಿಲ್ಲ.