ಬಿಸ್ಕತ್ತಿಗೆ ಭೂತಗನ್ನಡಿ, ಕಾಂಟ್ರಾಕ್ಟಿಗೆ ಹೆಬ್ಬೆಟ್ಟು

ಅಮೆರಿಕದ ನಮ್ಮೂರು ಕ್ಯಾಂಟನ್ನಿನ ಇಂಡಿಯನ್ ಸ್ಟೋರ್‌ನಲ್ಲಿ ನಮ್ಮ ನರಹರಿ ಬಿಸ್ಕತ್ ಕೊಳ್ಳುವುದನ್ನು ನೀವು ನೋಡಬೇಕು. ಕನ್ನಡಕ ಹಣೆಗೇರಿಸಿ, ಪ್ಯಾಕೆಟ್ಟನ್ನು ಮೂಗಿಗೆ ತಾಗಿಸಿ, ಹಿಂಬದಿಯ ಇರುವೆ ಗಾತ್ರದ ಅಕ್ಷರಗಳನ್ನೆಲ್ಲ ಓದುತ್ತಾರೆ. ಮೊಟ್ಟೆ ಇದೆಯೇ? ಪ್ರಾಣಿಯ ಮೂಳೆಯಿಂದ ಮಾಡುವ ಜೆಲಾಟಿನ್ ಇದೆಯೇ? ಹಿಂದೆ ಗಾಡಿ ಹಿಡಿದು ನಿಂತವರು ಕಾಯಲೇಬೇಕು.

ಚಳಿಗಾಲದ ಒಂದು ಶನಿವಾರ ಹೀಗೇ ಓದುತ್ತಿದ್ದಾಗ ಅವರ ಫೋನ್ ಟಿಂಗ್ ಎಂದಿತು. ನರಹರಿಯವರದು ಪಕ್ಕದೂರು ಪ್ಲಿಮತ್‌ನಲ್ಲಿ ಸಣ್ಣ ಕಂಪನಿ. ಕಾರಿನ ಬಿಡಿಭಾಗಗಳನ್ನು ಪರೀಕ್ಷಿಸುವ ಸಾಫ್ಟ್‌ವೇರ್ ಒಂದನ್ನು ತಾವೇ ಬರೆದು, ಹಲವು ಫ್ಯಾಕ್ಟರಿಗಳಿಗೆ ಅದನ್ನೇ ಕೊಟ್ಟು ಬದುಕು ಕಟ್ಟಿಕೊಂಡವರು. ಫೋನಿಗೆ ಬಂದದ್ದು ದೊಡ್ಡ ಗಿರಾಕಿಯೊಬ್ಬನ ಕಾಂಟ್ರಾಕ್ಟು. ಎಡಗೈಯಲ್ಲಿ ಬಿಸ್ಕತ್ ಹಿಡಿದೇ, ಬಲಗೈ ಹೆಬ್ಬೆರಳಿನಿಂದ ಸರ್ರನೆ ಕೊನೆಯವರೆಗೆ ತಳ್ಳಿ, ಸೈನ್ ಮಾಡಿಯೇಬಿಟ್ಟರು.

"ಓದಲ್ವೇನ್ರೀ?" ಎಂದೆ.

"ಅಯ್ಯೋ, ಎಲ್ಲಾ ಸ್ಟ್ಯಾಂಡರ್ಡು. ಅವ್ರ ಲೀಗಲ್ ಟೀಮ್ ಓದಿರ್ತಾರೆ ಬಿಡಿ."

(ಓದಿರುತ್ತಾರೆ, ನಿಜ. ಯಾರ ಪರವಾಗಿ?)

ಮೊನ್ನೆ ಭಾನುವಾರ ನರಹರಿ ಮಗಳ ಜೊತೆ ನಮ್ಮ ಮನೆಗೆ ಬಂದರು. ಮುಖ ಇಳಿದಿತ್ತು. ಸಾಫ್ಟ್‌ವೇರ್ ಕಾಂಟ್ರಾಕ್ಟಿನ ಪ್ರಕಾರ ಇನ್ನು ನಮ್ಮದು, ನೀವು ಬೇರೆ ಯಾರಿಗೂ ಮಾರುವಂತಿಲ್ಲ ಎಂದು ಆ ಗಿರಾಕಿ ಹೇಳಿದನಂತೆ. ಅಂದರೆ ಉಳಿದ ಫ್ಯಾಕ್ಟರಿಗಳಿಗೆ ಕೊಡಲು ಇವರ ಬಳಿ ಏನೂ ಇಲ್ಲ. ಕಂಪನಿಯ ಬಾಗಿಲು ಹಾಕುವುದೊಂದೇ ಬಾಕಿ.

"ಮೋಸ ಕಣ್ರೀ! ಅವ್ರ ಮ್ಯಾನೇಜರು ನಮ್ಮನೆ ಗೃಹಪ್ರವೇಶಕ್ಕೆ ಬಂದು ಬಿಸಿಬೇಳೆಬಾತ್ ಎರಡನೇ ಸಲ ಹಾಕಿಸ್ಕೊಂಡಿದ್ದ."

ಮಗಳು ಅನನ್ಯಾ ಫೋನಿನಿಂದ ತಲೆ ಎತ್ತಲಿಲ್ಲ. "ಡ್ಯಾಡ್, ಇಟ್ಸ್ ರೈಟ್ ದೇರ್. ಪೇಜ್ ಟೂ."

ನನಗೆ ಅಯ್ಯೋ ಪಾಪ ಅನ್ನಿಸಬೇಕಿತ್ತು. ಸಿಟ್ಟು ಬಂತು. ಬಿಡಿಭಾಗದ ಡ್ರಾಯಿಂಗಿನಲ್ಲಿ ಕೂದಲೆಳೆಯ ವ್ಯತ್ಯಾಸ ಕಂಡರೂ ಮೀಟಿಂಗ್ ಕರೆಯುವ ನಮ್ಮ ಬುದ್ಧಿವಂತರಿಗೆ ಕಾಂಟ್ರಾಕ್ಟು ಎಂದರೆ ಏಕಿಷ್ಟು ತಾತ್ಸಾರ? ಸೈನ್ ಮಾಡುವ ಮುಂಚೆ ಓದುವವರೊಬ್ಬರು ಬೇಡವೇ? ಏನು ಒಪ್ಪಿಕೊಂಡಿದ್ದೇವೆ, ಅದು ಯಾವಾಗ ಮುಗಿಯುತ್ತದೆ ಎಂದು ವರ್ಷವಿಡೀ ಕಣ್ಣಿಟ್ಟಿರುವವರು ಬೇಡವೇ? ಕೇಳಿದರೆ, "ಅದೆಲ್ಲ ದೊಡ್ಡ ಕಂಪನಿಗಳಿಗೆ, ನಮ್ದು ರಿಲೇಶನ್‌ಶಿಪ್ ಬಿಸಿನೆಸ್" ಎಂಬ ಠೀವಿ. ಸ್ವಾಮಿ, ದೊಡ್ಡ ಕಂಪನಿ ದೊಡ್ಡದಾದದ್ದೇ ನಿಮ್ಮಂಥವರ ರಿಲೇಶನ್‌ಶಿಪ್ ನುಂಗಿ! ಹಿಂದೆ ಓದು ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ಎರಡೆರಡು ಡಿಗ್ರಿಯ ಇವರು ಒತ್ತಿದ್ದೂ ಅದನ್ನೇ.

ನಾಳೆಯೇ ಲಾಯರ್ ಹತ್ತಿರ ಹೋಗಿ ಎಂದೆ. ಅಷ್ಟರಲ್ಲಿ ನನ್ನ ಹೆಂಡತಿ ಕಾಫಿ, ತಟ್ಟೆಯಲ್ಲಿ ಬಿಸ್ಕತ್ ತಂದಿಟ್ಟಳು. ನರಹರಿ ಕನ್ನಡಕ ಹಣೆಗೇರಿಸಿದರು.

"ಇದ್ರಲ್ಲಿ ಮೊಟ್ಟೆ ಇಲ್ಲ ತಾನೇ? ಪ್ಯಾಕೆಟ್ ಎಲ್ಲಿ?"

"ತಿನ್ರೀ ಸುಮ್ನೆ," ಎಂದೆ. "ಬಿಸ್ಕತ್ ಕಂಪನಿಯ ಲೀಗಲ್ ಟೀಮ್ ಓದಿರ್ತಾರೆ ಬಿಡಿ!"